ರಾಜ್ಯಭ್ರಷ್ಟ ಹುಮಾಯೂನನ ಕುಟುಂಬ: ವಂಶವೃಕ್ಷ ಸಾಲದೆ ಹೋದ ಒಂದು ಪ್ರಕರಣ

ಹಿನ್ನೆಲೆ

ಪದವಿ ತರಗತಿಯ ಇತಿಹಾಸ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಿಗೆ ಸಿದ್ಧವಾಗುತ್ತಿತ್ತು. ವಿಷಯ, ಮೊಘಲ್ ಬಾದಶಹ ಹುಮಾಯೂನ್ ಶೇರ್ ಖಾನನಿಗೆ (ಮುಂದೆ ಶೇರ್ ಶಾಹ್ ಆದವನು) ಸೋತು ಹಿಂದೂಸ್ತಾನ ಬಿಟ್ಟು ಅಲೆದ ವರ್ಷಗಳು ಮತ್ತು ಆಗ ಅವನ ಕುಟುಂಬಕ್ಕೆ ಆದದ್ದು. ಕೆಲಸದಲ್ಲಿ ಮೂವರಿದ್ದರು: ಲೇಖಕ, ಸಂಪಾದಕಿ, ಫಾರಸಿ ಬಲ್ಲ ಸಲಹೆಗಾರರು. ಮೂವರ ಹೆಸರನ್ನೂ, ಪ್ರಕಾಶಕರ ಗುರುತನ್ನೂ ಇಲ್ಲಿ ಬಿಟ್ಟಿದೆ. ಇತಿಹಾಸದ ವ್ಯಕ್ತಿಗಳ ಹೆಸರು ಇದ್ದಂತೆಯೇ ಇವೆ, ಅವಿಲ್ಲದೆ ಈ ಪ್ರಕರಣವೇ ಇಲ್ಲ.

ಘಟನೆಗಳ ಎಲುಬುಗೂಡು ಎಲ್ಲರಿಗೂ ಗೊತ್ತಿದ್ದದ್ದೇ. 1539ರ ಜೂನ್ 26ರಂದು ಚೌಸಾದಲ್ಲಿ, 1540ರ ಮೇ 17ರಂದು ಕನೌಜಿನ ಬಳಿ ಹುಮಾಯೂನ್ ಸೋತ. ಆಗ್ರಾ ಬಿಟ್ಟು ಲಾಹೋರ್ ಸೇರಿದ. ಅಲ್ಲಿ ಅಣ್ಣತಮ್ಮಂದಿರು ನಾಲ್ವರೂ ಕೂಡಿದರೂ ಒಮ್ಮತಕ್ಕೆ ಬರಲಿಲ್ಲ. ಆ ವರ್ಷದ ಅಕ್ಟೋಬರ್ ಕೊನೆಗೆ ಲಾಹೋರ್ ಕೂಡ ಕೈಬಿಟ್ಟಿತು. ಮುಂದೆ ಸಿಂಧ್, ಮಾರ್ವಾಡದ ಮರುಭೂಮಿ, ಅಕ್ಬರ್ ಹುಟ್ಟಿದ ಉಮರ್‌ಕೋಟೆ, ಕಂದಹಾರದ ದಾರಿ, ಇರಾನ್. 1545ರಲ್ಲಿ ಕಂದಹಾರ ಮತ್ತು ಕಾಬೂಲ್, 1555ರ ಜುಲೈಯಲ್ಲಿ ದಿಲ್ಲಿ.

ಸಮಸ್ಯೆ

ಲೇಖಕನ ಮೊದಲ ಕರಡು ವಂಶವೃಕ್ಷದಿಂದ ಶುರುವಾಗಿತ್ತು. ಮೇಲೆ ಬಾಬರ್, ಅವನ ಕೆಳಗೆ ತಾಯಂದಿರ ಪ್ರಕಾರ ಮಕ್ಕಳು: ಮಾಹಂ ಬೇಗಮಳ ಮಗ ಹುಮಾಯೂನ್, ಗುಲ್‌ರುಖ್ ಬೇಗಮಳ ಮಕ್ಕಳು ಕಾಮ್ರಾನ್ ಮತ್ತು ಅಸ್ಕರಿ, ದಿಲ್ದಾರ್ ಬೇಗಮಳ ಮಕ್ಕಳು ಹಿಂದಾಲ್ ಮತ್ತು ಗುಲ್ಬದನ್. ಇದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪುಗಳು ಶುರುವಾದದ್ದು ಈ ಮರವನ್ನೇ ಕಥೆಯ ಚೌಕಟ್ಟಾಗಿ ಹಿಡಿದಾಗ.

ಕರಡಿನಲ್ಲಿ ‘ಬಾದಶಹನ ಪರಿವಾರ ಇರಾನಿಗೆ ಹೋಯಿತು’ ಎಂಬ ವಾಕ್ಯವಿತ್ತು. ಯಾವ ಪರಿವಾರ? ಒಂದೂವರೆ ವರ್ಷವೂ ತುಂಬದ ಮಗ ಅಕ್ಬರ್ ಹೋಗಲಿಲ್ಲ, ತಂಗಿ ಗುಲ್ಬದನ್ ಹೋಗಲಿಲ್ಲ, ಸೋದರತ್ತೆ ಖಾನ್‌ಜಾದಾ ಹೋಗಲಿಲ್ಲ. ‘ತಂದೆತಾಯಿ ಕಾಬೂಲಿನಲ್ಲಿ ಮಗನನ್ನು ಮತ್ತೆ ಕಂಡರು’ ಎಂಬುದೂ ಹಾಗೆಯೇ, ಇಬ್ಬರೂ ಒಂದೇ ದಿನ ಕಂಡರೆಂಬ ಅರ್ಥ ಬರುತ್ತಿತ್ತು. ಅಕ್ಬರನ ಜನ್ಮದಿನ ಒಂದು ಪುಟದಲ್ಲಿ ಅಕ್ಟೋಬರ್ 15, ಇನ್ನೊಂದರಲ್ಲಿ ಅಕ್ಟೋಬರ್ 25, ಅಡಿಟಿಪ್ಪಣಿಯಲ್ಲಿ ನವೆಂಬರ್ 23. ಇನ್ನು ಹೆಸರುಗಳು. ಕರಡಿನ ಸುಲ್ತಾನಂ ಬೇಗಂ ಎಂಬಾಕೆ ಕಂದಹಾರದಲ್ಲಿ ಮಗುವನ್ನು ಸಾಕುತ್ತಿದ್ದವಳು, ಅದೇ ಹೊತ್ತಿಗೆ ಇರಾನಿನ ಆಸ್ಥಾನದಲ್ಲಿ ಹುಮಾಯೂನನ ಪರವಾಗಿ ಮಾತಾಡುತ್ತಲೂ ಇದ್ದಳು. ಸೂಚಿ ತಯಾರಿಸುವಾಗ ಸಂಪಾದಕಿಯ ಕಣ್ಣಿಗೆ ಇದು ಬಿದ್ದದ್ದೇ ಇಡೀ ಕರಡನ್ನು ಮತ್ತೆ ತೆಗೆಯಲು ಕಾರಣವಾಯಿತು.

ಮೊದಲು ಮಾಡಿ ನೋಡಿದ್ದು

ಮೊದಲ ಉಪಾಯ ಸರಳವಾಗಿತ್ತು: ಆಕರಗಳು ಹೊಂದದ ಕಡೆಯಲ್ಲೆಲ್ಲ ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಹೇಳಿದ್ದನ್ನೇ ಒಪ್ಪಿಕೊಳ್ಳುವುದು. ಅವನ ಅಕ್ಬರ್‌ನಾಮಾ ದೊಡ್ಡದು, ತೇದಿಗಳಲ್ಲಿ ಅಚ್ಚುಕಟ್ಟು, ಅರಮನೆಯ ದಾಖಲೆಗಳನ್ನು ನೋಡಿ ಬರೆದದ್ದು. ಇದರಿಂದ ತೇದಿಗಳು ಒಂದು ಹದಕ್ಕೆ ಬಂದವು, ಆದರೆ ಜನ ಮಾಯವಾದರು. ಇರಾನಿನಲ್ಲಿ ಅಲ್ಲಿನ ದೊರೆ ಶಾಹ್ ತಹ್ಮಾಸ್ಪ್ ಶಿಯಾ ಪಂಥಕ್ಕೆ ಸೇರುವಂತೆ ಹಾಕಿದ ಒತ್ತಡದ ಕಹಿ, ಬಿಂದಿಗೆ ಹಿಡಿಯುತ್ತಿದ್ದ ಸೇವಕ ಜೌಹರ್ ಆಫ್ತಾಬ್ಚಿಯ ಬರಹದಲ್ಲಿ ಹಸಿಯಾಗಿ ಕಾಣುತ್ತದೆ. ಅಕ್ಬರ್‌ನಾಮಾದಲ್ಲಿ ಮುಂದೆ ನಿಲ್ಲುವುದು ಆದರಾತಿಥ್ಯ. ಅಬುಲ್ ಫಜಲ್ ಹುಟ್ಟಿದ್ದೇ 1551ರಲ್ಲಿ ಎಂಬುದನ್ನೂ ಮರೆಯುವಂತಿಲ್ಲ.

ಎರಡನೆಯ ಉಪಾಯ ಇದರ ಎದುರು ದಿಕ್ಕಿನದು. ಗುಲ್ಬದನ್ ಬೇಗಂ ಕುಟುಂಬದವಳೇ ಆದ್ದರಿಂದ ಮನೆಯ ವಿಷಯಕ್ಕೆಲ್ಲ ಆಕೆಯ ನೆನಪಿನ ಕಥನವನ್ನೇ ಆಧಾರ ಮಾಡಿಕೊಳ್ಳುವುದು. ಬರಹಕ್ಕೆ ಜೀವ ಬಂತು. ಆದರೆ ಸಲಹೆಗಾರರು ಒಂದು ಪ್ರಶ್ನೆ ಕೇಳಿದರು: “ಉಮರ್‌ಕೋಟೆಯ ವಿಷಯ ಬರೆದಿದ್ದಾಳಲ್ಲ, ಆಗ ಆಕೆ ಎಲ್ಲಿದ್ದಳು? ಮೊದಲು ಯಾರು ಎಲ್ಲಿದ್ದರು ಅಂತ ಹಾಕಿ ಮೇಡಂ, ಯಾರು ಯಾರ ಮಗ ಅನ್ನೋದು ಆಮೇಲೆ ನೋಡೋಣ.”

ಗುಲ್ಬದನ್ ಕಾಬೂಲಿನಲ್ಲಿದ್ದಳು. ಲಾಹೋರ್ ಬಿಡುವಾಗ ಕಾಮ್ರಾನ್ ಪಟ್ಟುಹಿಡಿದು ಆಕೆಯನ್ನು ತನ್ನೊಡನೆ ಕರೆದೊಯ್ದಿದ್ದ. ಸಿಂಧ್, ಮರುಭೂಮಿ, ಇರಾನ್ ಇವುಗಳ ಬಗ್ಗೆ ಆಕೆ ಬರೆದದ್ದೆಲ್ಲ ಅತ್ತಿಗೆ, ಅಂದರೆ ಅಕ್ಬರನ ತಾಯಿ ಹಮೀದಾ ಬಾನು ಮತ್ತು ಇತರರಿಂದ ಕೇಳಿದ್ದು. ಇದರಿಂದ ಆಕೆಯ ಮಾತಿನ ಬೆಲೆ ಇಳಿಯುವುದಿಲ್ಲ. ಹಮೀದಾಳ ಮಾತು ನಮಗೆ ತಲುಪುವ ಹತ್ತಿರದ ದಾರಿ ಅದೇ. ಆದರೂ ‘ಕಣ್ಣಾರೆ ಕಂಡ ತಂಗಿ’ ಎಂಬ ಕರಡಿನ ಮಾತನ್ನು ತೆಗೆಯಬೇಕಾಯಿತು.

ತಿರುವು: ಯಾರು ಎಲ್ಲಿದ್ದರು ಎಂಬ ಕೋಷ್ಟಕ

ವಂಶವೃಕ್ಷವನ್ನು ಬದಿಗಿಟ್ಟು ಒಂದು ಕೋಷ್ಟಕ ಮಾಡಲಾಯಿತು. ಅಡ್ಡಸಾಲಿಗೆ ಒಬ್ಬೊಬ್ಬ ವ್ಯಕ್ತಿ, ಕಂಬಸಾಲಿಗೆ ಹತ್ತು ಘಟ್ಟಗಳು: ಚೌಸಾ (1539), ಲಾಹೋರ್ (1540), ಸಿಂಧಿನ ಪಾಟ್ (1541), ಉಮರ್‌ಕೋಟೆ (1542), ಶಾಲ್‌-ಮಸ್ತಂಗ್ (1543), ಇರಾನ್ (1544), ಕಂದಹಾರ (1545 ಸೆಪ್ಟೆಂಬರ್), ಕಾಬೂಲ್ (1545 ನವೆಂಬರ್), ಕಾಬೂಲ್ ಮುತ್ತಿಗೆ (1547), ದಿಲ್ಲಿ (1555). ಪ್ರತಿ ಮನೆಯಲ್ಲಿ ಎರಡು ಸಂಗತಿ ಬರೆಯಬೇಕು, ಆ ವ್ಯಕ್ತಿ ಇದ್ದ ಜಾಗ ಮತ್ತು ಅದನ್ನು ಹೇಳುವ ಆಕರ. ಹೇಳುವವನು ಅಲ್ಲೇ ಇದ್ದರೆ ಕಪ್ಪು ಶಾಯಿ, ಕೇಳಿ ಬರೆದಿದ್ದರೆ ನೀಲಿ. ಗೊತ್ತಿಲ್ಲದಿದ್ದರೆ ಖಾಲಿ. ಊಹೆಯಿಂದ ತುಂಬುವಂತಿಲ್ಲ.

ಲೇಖಕ, ಬರಹಗಾರರಿಗೂ ಸಾಲು ಬೇಡವೇ ಎಂದು ಕೇಳಿದ. ಪ್ರಕರಣದ ಅತ್ಯಂತ ಉಪಯುಕ್ತ ನಿರ್ಧಾರ ಅದೇ ಆಯಿತು. ಗುಲ್ಬದನ್, ಜೌಹರ್, ಅಬುಲ್ ಫಜಲ್ ಮೂವರೂ ಕೋಷ್ಟಕಕ್ಕೆ ಸೇರಿದರು.

ತುಂಬುತ್ತ ಹೋದಂತೆ ಕುಟುಂಬದ ಚಿತ್ರವೇ ಬೇರೆಯಾಯಿತು. ಚೌಸಾದಲ್ಲಿ ಹುಮಾಯೂನನ ಪುಟ್ಟ ಮಗಳು ಅಕೀಕಾ ಕಳೆದುಹೋದಳು, ಅವಳ ಸಾಲು ಅಲ್ಲಿಗೇ ಮುಗಿಯುತ್ತದೆ. ಹೆಂಡತಿ ಬೇಗಾ ಬೇಗಂ ಶೇರ್ ಖಾನನ ಕೈಗೆ ಸಿಕ್ಕಳು, ಮುಂದೆ ಅವನು ಆಕೆಯನ್ನು ಗೌರವದಿಂದ ಕಳಿಸಿಕೊಟ್ಟ. ಹುಮಾಯೂನ್ ಸತ್ತ ಮೇಲೆ ದಿಲ್ಲಿಯ ಗೋರಿಯನ್ನು ಕಟ್ಟಿಸಿದವಳು ಈಕೆಯೇ. 1541ರಲ್ಲಿ ಪಾಟ್‌ನಲ್ಲಿ ಹುಮಾಯೂನ್ ಹಮೀದಾಳನ್ನು ಮದುವೆಯಾದ. ಆಕೆಯ ತಂದೆ ಹಿಂದಾಲನ ಗುರು, ಹಾಗಾಗಿ ಹಿಂದಾಲನಿಗೆ ಇದು ಹಿಡಿಸಲಿಲ್ಲ. ಹಮೀದಾಳಿಗೂ ಮನಸ್ಸಿರಲಿಲ್ಲ, ನಲವತ್ತು ದಿನ ಒಪ್ಪಲಿಲ್ಲ ಎಂದು ಗುಲ್ಬದನ್ ಬರೆದಿದ್ದಾಳೆ. ಒಪ್ಪಿಸಿದವಳು ದಿಲ್ದಾರ್ ಬೇಗಂ, ಹುಮಾಯೂನನ ಮಲತಾಯಿ, ಹಿಂದಾಲನ ಸ್ವಂತ ತಾಯಿ. ಬಾದಶಹನೇ ಆಸ್ಟ್ರೋಲೇಬ್ (ಗ್ರಹನಕ್ಷತ್ರಗಳ ಸ್ಥಾನ ಅಳೆಯುವ ಉಪಕರಣ) ಹಿಡಿದು ಮುಹೂರ್ತ ನೋಡಿದ. ಆಮೇಲೆ ಹಿಂದಾಲ್ ಅಣ್ಣನನ್ನು ಬಿಟ್ಟು ಕಂದಹಾರಕ್ಕೆ ಹೋದ. ಕರಡಿನಲ್ಲಿ ಮದುವೆ ‘ವೈಯಕ್ತಿಕ ಜೀವನ’ ಎಂಬ ಅಧ್ಯಾಯದಲ್ಲಿತ್ತು, ಹಿಂದಾಲ್ ಹೋದದ್ದು ‘ರಾಜಕೀಯ’ ಅಧ್ಯಾಯದಲ್ಲಿ. ಕೋಷ್ಟಕದಲ್ಲಿ ಎರಡೂ ಅಕ್ಕಪಕ್ಕದ ಮನೆಗಳು. ಕೈಯಲ್ಲಿ ಸೈನ್ಯ ಕರಗುತ್ತಿದ್ದ ದೊರೆಗೆ ಈ ಮದುವೆ ಒಬ್ಬ ತಮ್ಮನ ಪಡೆಯನ್ನು ಕಳೆದಿತ್ತು ಎಂಬುದು ಆಗ ಸ್ಪಷ್ಟವಾಯಿತು.

ಮಗುವಿನ ಸಾಲು

ಅಕ್ಬರನ ಸಾಲು ತುಂಬುವಾಗ ಎಲ್ಲರೂ ಹೆಚ್ಚು ಹೊತ್ತು ನಿಂತರು. ಯೋಗ್ಯವಾದದ್ದೇ, ಇಡೀ ಅಲೆದಾಟದ ಭಾರ ಬಿದ್ದದ್ದು ಈ ಮಗುವಿನ ಮೇಲೆ.

1543ರ ಡಿಸೆಂಬರ್. ಸಿಂಧ್ ಬಿಟ್ಟ ಹುಮಾಯೂನ್ ಶಾಲ್‌-ಮಸ್ತಂಗ್ ಕಡೆ ಬಂದಿದ್ದ; ಶಾಲ್ ಎಂದರೆ ಇಂದಿನ ಕ್ವೆಟ್ಟಾ. ಅಸ್ಕರಿ ಕಂದಹಾರದಿಂದ ಹಿಡಿಯಲು ಬರುತ್ತಿದ್ದಾನೆ ಎಂಬ ಸುದ್ದಿ ಕಡೇ ಗಳಿಗೆಯಲ್ಲಿ ತಲುಪಿತು. ಗಂಡಹೆಂಡತಿ ಕುದುರೆ ಏರಿ ಹೊರಟರು. ಹದಿನಾಲ್ಕು ತಿಂಗಳ ಮಗುವನ್ನು ಬೀಡಿನಲ್ಲೇ ಬಿಟ್ಟರು. ಮುಂದಿನ ಚಳಿಯನ್ನು ನೋಡಿದರೆ ಆ ನಿರ್ಧಾರದ ಲೆಕ್ಕ ಅರ್ಥವಾಗುತ್ತದೆ: ಜೊತೆಗಿದ್ದವರು ಮೂವತ್ತರ ಆಸುಪಾಸು, ಹೆಂಗಸರು ಇಬ್ಬರೇ. ಹಿಮದಲ್ಲಿ ಕುದುರೆ ಕೊಂದು, ಪಾತ್ರೆ ಇಲ್ಲದೆ ಶಿರಸ್ತ್ರಾಣದಲ್ಲಿ ಮಾಂಸ ಬೇಯಿಸಿದರು ಎನ್ನುತ್ತಾಳೆ ಗುಲ್ಬದನ್.

ಮಗು ಒಂಟಿಯಾಗಿರಲಿಲ್ಲ. ಮಾಹಂ ಅನಗಾ, ಜೀಜಿ ಅನಗಾ ಎಂಬ ಸಾಕುತಾಯಂದಿರು ಜೊತೆಗಿದ್ದರು, ಜೀಜಿಯ ಗಂಡ ಶಂಸುದ್ದೀನ್ ಮುಹಮ್ಮದನೂ ಇದ್ದ. ಕನೌಜಿನಲ್ಲಿ ಸೋತು ಗಂಗೆ ದಾಟುವಾಗ ಹುಮಾಯೂನನನ್ನು ದಡಕ್ಕೆ ಎಳೆದುಕೊಂಡವನು ಇವನೇ. ಅಸ್ಕರಿ ಮಗುವನ್ನು ಕಂದಹಾರಕ್ಕೆ ಒಯ್ದು ತನ್ನ ಹೆಂಡತಿ ಸುಲ್ತಾನಂಳ ಕೈಗೆ ಕೊಟ್ಟ, ಆ ಚಿಕ್ಕಮ್ಮ ಚೆನ್ನಾಗಿಯೇ ನೋಡಿಕೊಂಡಳು. ಮಗು ಮೊದಲ ಹೆಜ್ಜೆ ಇಟ್ಟಾಗ ತಂದೆ ತನ್ನ ಪೇಟ ತೆಗೆದು ಅದಕ್ಕೆ ತಾಗಿಸಿ ಬೀಳಿಸುವುದು ತುರ್ಕರ ಪದ್ಧತಿ. ಮಾಹಂ ಅನಗಾ ಹೇಳಿದ ಮೇಲೆ ಅಸ್ಕರಿಯೇ ತಂದೆಯ ಸ್ಥಾನದಲ್ಲಿ ನಿಂತು ಆ ಶಾಸ್ತ್ರ ಮಾಡಿದ ಎಂದು ಅಕ್ಬರ್‌ನಾಮಾ ಹೇಳುತ್ತದೆ. ಅಣ್ಣನನ್ನು ಹಿಡಿಯಲು ಬಂದವನೇ ಅಣ್ಣನ ಮಗನಿಗೆ ಇದನ್ನು ಮಾಡಿದ. ‘ದ್ರೋಹಿ ತಮ್ಮಂದಿರು’ ಎಂಬ ಕರಡಿನ ಉಪಶೀರ್ಷಿಕೆ ಅಲ್ಲಿಗೆ ಹೋಯಿತು. ಹೋಗಲೇಬೇಕಿತ್ತು. ದಾಯಾದಿ ಜಗಳದಲ್ಲಿ ಸಿಂಹಾಸನದ ಲೆಕ್ಕ ಒಂದು, ತೊಟ್ಟಿಲಿನ ಲೆಕ್ಕ ಇನ್ನೊಂದು.

1544–45ರ ಚಳಿಗಾಲದಲ್ಲಿ ಅಕ್ಬರನನ್ನೂ ಅವನ ಮಲಅಕ್ಕ ಬಖ್ಶಿ ಬಾನುವನ್ನೂ ಕಾಮ್ರಾನನ ಆಜ್ಞೆಯಂತೆ ಕಾಬೂಲಿಗೆ ಕಳಿಸಲಾಯಿತು. ದಾರಿಯಲ್ಲಿ ಗುರುತು ಸಿಗದಿರಲಿ ಎಂದು ಹೆಸರು ಬದಲಿಸಿದರು, ಅಕ್ಬರ್ ‘ಮೀರಕ್’ ಆದ. ಕಾಬೂಲಿನಲ್ಲಿ ಅವನನ್ನು ನೋಡಿಕೊಂಡವಳು ಖಾನ್‌ಜಾದಾ ಬೇಗಂ, ಬಾಬರನ ಅಕ್ಕ. ಹಿಂದೆ ಕಾಮ್ರಾನ್ ತನ್ನ ಹೆಸರಿನಲ್ಲಿ ಖುತ್ಬಾ (ಆಳುವ ದೊರೆಯ ಹೆಸರು ಹೇಳಿ ಮಸೀದಿಯಲ್ಲಿ ಓದುವ ಶುಕ್ರವಾರದ ಪ್ರವಚನ) ಓದಿಸಬೇಕೆಂದು ಹಟ ಹಿಡಿದಾಗ, ಬಾಬರ್ ಪಟ್ಟ ಕೊಟ್ಟದ್ದು ಹುಮಾಯೂನನಿಗೆ, ಖುತ್ಬಾ ಅವನದೇ ಎಂದವಳೂ ಆಕೆಯೇ. ಕಂದಹಾರದ ಮುತ್ತಿಗೆಯಲ್ಲಿ ಅಸ್ಕರಿಯ ಪ್ರಾಣ ಉಳಿಸಲು ಸಂಧಾನಕ್ಕೂ ಹೋದಳು, 1545ರಲ್ಲಿ ತೀರಿಕೊಂಡಳು.

ಇನ್ನು ಮಿಲನದ ವಾಕ್ಯ. ಹುಮಾಯೂನ್ ಕಾಬೂಲ್ ಹಿಡಿದು ಮಗನನ್ನು ಕಂಡದ್ದು 1545ರ ನವೆಂಬರಿನಲ್ಲಿ, ಅಗಲಿಕೆ ಎರಡು ವರ್ಷಕ್ಕೆ ತುಸು ಕಡಿಮೆ. ಹಮೀದಾ ಆಗ ಕಂದಹಾರದಲ್ಲಿದ್ದಳು. ಆಕೆ ಕಾಬೂಲ್ ತಲುಪಿದ್ದು 1546ರ ವಸಂತದಲ್ಲಿ, ಮಗನ ಸುನ್ನತಿ ಸಮಾರಂಭದ ಹೊತ್ತಿಗೆ. ಹೆಂಗಸರ ನಡುವೆ ನಿಂತ ತಾಯಿಯನ್ನು ಮಗು ಗುರುತಿಸಿದ ಪ್ರಸಿದ್ಧ ಪ್ರಸಂಗ ಆಗಿನದು. ಕರಡಿನ ಒಂದು ವಾಕ್ಯ ಎರಡು ಪ್ಯಾರಾ ಆಯಿತು.

ಜನ್ಮದಿನದ ಲೆಕ್ಕ

ಹೆಚ್ಚು ಚರ್ಚೆಯಾದದ್ದು ಇಲ್ಲಿ. ಅಬುಲ್ ಫಜಲ್ ಕೊಡುವ ತೇದಿ ಇಸ್ಲಾಮಿ ಚಾಂದ್ರಮಾನ ಪಂಚಾಂಗದ, ಅಂದರೆ ಹಿಜರಿ 949ರ ರಜಬ್ ತಿಂಗಳ 5, ಗುಲ್ಬದನ್ ಕೊಡುವುದು ರಜಬ್ 4, ಭಾನುವಾರದ ನಸುಕು. ಜೌಹರ್ ಹೇಳುವುದು ಅದರ ಮುಂದಿನ ತಿಂಗಳಾದ ಶಾಬಾನ್‌ನ 14. ಅದು ಹುಣ್ಣಿಮೆಯ ರಾತ್ರಿಯಾದ್ದರಿಂದ ಮಗುವಿಗೆ ಬದ್ರುದ್ದೀನ್ (‘ಬದ್ರ್’ ಎಂದರೆ ಹುಣ್ಣಿಮೆಯ ಚಂದ್ರ) ಎಂದು ಹೆಸರಿಟ್ಟರು ಎಂಬುದು ಅವನ ಮಾತು.

ಸಲಹೆಗಾರರು ಲೆಕ್ಕವನ್ನು ಹೀಗೆ ಹಾಕಿ ತೋರಿಸಿದರು. ಹಿಜರಿ 949ರ ಮುಹರ್ರಂ 1 ಯುರೋಪಿನ ಹಳೆಯ ಜೂಲಿಯನ್ ಪಂಚಾಂಗದ 1542 ಏಪ್ರಿಲ್ 17. ತಿಂಗಳಿಗೆ 30, 29 ಎಂದು ಬದಲಿಸುತ್ತ ಹೋದರೆ ಮೊದಲ ಆರು ತಿಂಗಳಿಗೆ 177 ದಿನ. ಅಲ್ಲಿಗೆ ರಜಬ್ 1 ಅಕ್ಟೋಬರ್ 11ಕ್ಕೆ, ರಜಬ್ 5 ಅಕ್ಟೋಬರ್ 15ಕ್ಕೆ ಬರುತ್ತದೆ. ಆ ದಿನ ಭಾನುವಾರ. ಗುಲ್ಬದನ್ ಹೇಳುವ ವಾರ ಸರಿಹೊಂದುತ್ತದೆ, ತೇದಿ ಮಾತ್ರ ಒಂದು ದಿನ ಹಿಂದೆ. ತಿಂಗಳು ಶುರುವಾಗುವುದು ಚಂದ್ರದರ್ಶನದಿಂದ, ದಿನ ಶುರುವಾಗುವುದು ಸೂರ್ಯಾಸ್ತದಿಂದ. ಆದ್ದರಿಂದ ಒಂದು ದಿನದ ವ್ಯತ್ಯಾಸವನ್ನು ಜಗಳವೆಂದು ಎಣಿಸಬಾರದು. ಇಂಥಲ್ಲಿ ವಾರವೇ ನಂಬಿಕೆಯ ಗೂಟ. ಶಾಬಾನ್ 14 ಬೀಳುವುದು ನವೆಂಬರ್ 23ಕ್ಕೆ, ಮೂವತ್ತೊಂಬತ್ತು ದಿನ ಆಚೆ. ಚಂದ್ರದರ್ಶನದ ನೆಪ ಇಲ್ಲಿ ನಡೆಯುವುದಿಲ್ಲ, ಇದು ನಿಜವಾದ ಭಿನ್ನಾಭಿಪ್ರಾಯ.

ಅಕ್ಟೋಬರ್ 25ರ ಕಥೆಯೇ ಬೇರೆ. ಅದು ಅದೇ ದಿನವನ್ನು ನಾವು ಇಂದು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕೆ ಒಯ್ದಾಗ ಬರುವ ತೇದಿ. ಆ ಶತಮಾನದಲ್ಲಿ ಎರಡಕ್ಕೂ ಹತ್ತು ದಿನದ ಅಂತರ. ಗ್ರೆಗೋರಿಯನ್ ಜಾರಿಗೆ ಬಂದದ್ದೇ 1582ರಲ್ಲಿ. ಕರಡಿನಲ್ಲಿ ಚೌಸಾ, ಕನೌಜಿನ ತೇದಿಗಳು ಜೂಲಿಯನ್‌ನಲ್ಲಿದ್ದವು, ಜನನ ಒಂದು ಕಡೆ ಗ್ರೆಗೋರಿಯನ್‌ಗೆ ಜಾರಿತ್ತು. ಎಲ್ಲವನ್ನೂ ಜೂಲಿಯನ್‌ಗೆ ತಂದು ಮುನ್ನುಡಿಯಲ್ಲಿ ಒಂದು ಸಾಲು ಬರೆದದ್ದರಿಂದ ಅದು ಬಗೆಹರಿಯಿತು.

ರಜಬ್ ಮತ್ತು ಶಾಬಾನ್ ನಡುವೆ ಆರಿಸುವುದು ಹೇಗೆ? ಲೇಖಕನ ಒಲವು ಜೌಹರನ ಕಡೆಗಿತ್ತು. ಸೇವಕನಿಗೆ ಸುಳ್ಳು ಹೇಳುವ ಕಾರಣವಿಲ್ಲ, ಆಸ್ಥಾನದ ಜೋಯಿಸರಿಗೆ ಒಳ್ಳೆಯ ಜಾತಕ ಬೇಕಿತ್ತು ಎಂಬುದು ಅವನ ವಾದ. ಹಿಂದೆ ಕೆಲವು ಇತಿಹಾಸಕಾರರೂ ಹೀಗೆ ವಾದಿಸಿದ್ದುಂಟು. ಆಗ ಕೋಷ್ಟಕದ ಉಮರ್‌ಕೋಟೆಯ ಕಂಬಸಾಲನ್ನು ನೋಡಲಾಯಿತು. ಗುಲ್ಬದನ್ ಕಾಬೂಲಿನಲ್ಲಿ. ಅಬುಲ್ ಫಜಲ್ ಹುಟ್ಟಿರಲಿಲ್ಲ. ಜೌಹರ್? ಅವನೂ ಕೋಟೆಯಲ್ಲಿರಲಿಲ್ಲ. ಹೆರಿಗೆಗೆ ನಾಲ್ಕು ದಿನ ಮೊದಲೇ ಹುಮಾಯೂನ್ ಸೈನ್ಯದೊಡನೆ ಹೊರಟಿದ್ದ, ಜೌಹರ್ ಅವನ ಜೊತೆಗಿದ್ದ. ಸುದ್ದಿ ಬೀಡಿಗೆ ಬಂದಾಗ ಹಂಚಲು ಬೇರೇನೂ ಇಲ್ಲದೆ ಬಾದಶಹ ಕಸ್ತೂರಿಯೊಂದನ್ನು ಪಿಂಗಾಣಿ ತಟ್ಟೆಯಲ್ಲಿ ಒಡೆದು ಹಂಚಿದ್ದನ್ನು ಜೌಹರ್ ಕಂಡಿದ್ದಾನೆ, ಆ ಕಸ್ತೂರಿ ತಂದುಕೊಟ್ಟವನೇ ಅವನು. ಆದರೆ ಬರೆದದ್ದು ನಲವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, ನೆನಪಿನಿಂದ. ಬರೆದ ಮೂವರಲ್ಲಿ ಒಬ್ಬರೂ ಹೆರಿಗೆಯ ಕೋಟೆಯಲ್ಲಿರಲಿಲ್ಲ, ತಂದೆಯೂ ಇರಲಿಲ್ಲ. ಇದ್ದವಳು ಹಮೀದಾ. ಆಕೆಯೊಡನೆ ದಶಕಗಳ ಕಾಲ ಒಡನಾಡಿದವಳು ಗುಲ್ಬದನ್, ಆಕೆ ಹೇಳುವುದು ರಜಬ್.

ಮೂಲಪಾಠದಲ್ಲಿ ರಜಬ್ 5, 1542ರ ಅಕ್ಟೋಬರ್ 15 ಎಂದು ಉಳಿಸಿ, ಜೌಹರನ ತೇದಿಯನ್ನು ಅದರ ವಾದದೊಡನೆ ಅಡಿಟಿಪ್ಪಣಿಗೆ ಹಾಕಲು ಮೂವರೂ ಒಪ್ಪಿದರು. ಕಸ್ತೂರಿಯ ಪ್ರಸಂಗಕ್ಕೆ ಜೌಹರನೇ ಪ್ರಮಾಣ, ತೇದಿಗೆ ಅಲ್ಲ. ಒಬ್ಬ ಸಾಕ್ಷಿಯನ್ನು ಇಡಿಯಾಗಿ ಒಪ್ಪುವ ಅಥವಾ ಇಡಿಯಾಗಿ ಬಿಡುವ ಅಭ್ಯಾಸ ಈ ಚರ್ಚೆಯಲ್ಲಿ ಬಿಟ್ಟುಹೋಯಿತು.

ಹೆಸರುಗಳ ಗೋಜಲು

ಸುಲ್ತಾನಂ ಎಂಬವರು ಮೂವರು: ಅಸ್ಕರಿಯ ಹೆಂಡತಿ, ಹಿಂದಾಲನ ಹೆಂಡತಿ, ಶಾಹ್ ತಹ್ಮಾಸ್ಪನ ತಂಗಿ. ಮಾಹ್ ಚೂಚಕ್ ಇಬ್ಬರು: ಒಬ್ಬಳು ಸಿಂಧಿನ ಶಾಹ್ ಹುಸೇನ್ ಅರ್ಘೂನನ ಮಗಳು, ಕಾಮ್ರಾನನ ಹೆಂಡತಿ, ಇನ್ನೊಬ್ಬಳನ್ನು ಹುಮಾಯೂನ್ ಕಾಬೂಲಿನಲ್ಲಿ ಮದುವೆಯಾದ, ಮಿರ್ಜಾ ಹಕೀಮನ ತಾಯಿ. ಕುರುಡನಾದ ಗಂಡನ ಜೊತೆ ಮೆಕ್ಕಾಕ್ಕೆ ಹೋದವಳು ಮೊದಲನೆಯವಳು. ಇಬ್ಬರನ್ನು ಬೆರೆಸಿದರೆ ಹುಮಾಯೂನನ ಹೆಂಡತಿ ಕಾಮ್ರಾನನ ಹಿಂದೆ ಹೋದಂತಾಗುತ್ತದೆ, ಕರಡಿನಲ್ಲಿ ಆಗಿದ್ದೂ ಅದೇ. ಮಾಹಂ ಬೇಗಂ 1533ರಲ್ಲೇ ತೀರಿಕೊಂಡ ಹುಮಾಯೂನನ ತಾಯಿ, ಮಾಹಂ ಅನಗಾ ಅಕ್ಬರನ ಸಾಕುತಾಯಿ. ಹಮೀದಾ ಬಾನು ಮತ್ತು ಮರ್ಯಂ ಮಕಾನಿ ಇಬ್ಬರಲ್ಲ, ಒಬ್ಬಳೇ. ಬೇಗಾ ಬೇಗಂ ಮತ್ತು ಹಾಜಿ ಬೇಗಂ ಕೂಡ ಹಾಗೆಯೇ.

ಪರಿಹಾರ: ಪ್ರತಿ ಅಧ್ಯಾಯದಲ್ಲಿ ಹೆಸರು ಮೊದಲ ಸಲ ಬಂದಾಗ ಸಂಬಂಧವನ್ನೂ ಸೇರಿಸುವುದು, ಬಿರುದುಗಳನ್ನು ಸೂಚಿಯಲ್ಲಿ ಮಾತ್ರ ಕೊಡುವುದು.

ಏನಾಯಿತು, ಏನು ಕಲಿಯಬಹುದು

ಹೊತ್ತಿಗೆ ಅಧ್ಯಾಯಗಳನ್ನು ವ್ಯಕ್ತಿಗಳ ಬದಲು ಘಟ್ಟಗಳ ಪ್ರಕಾರ ಜೋಡಿಸಿಕೊಂಡು ಹೊರಬಂತು. ವಂಶವೃಕ್ಷ ಕೊನೆಯ ಪುಟಕ್ಕೆ ಹೋಯಿತು, ಕೋಷ್ಟಕ ಮೊದಲಿಗೆ ಬಂತು, ಖಾಲಿ ಮನೆಗಳ ಸಮೇತ. ಇಂಥ ಕೆಲಸಕ್ಕೆ ಕೈಹಾಕುವವರು ಕೋಷ್ಟಕವನ್ನು ಬರವಣಿಗೆಗೆ ಮೊದಲೇ ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ. ನೆಲೆಯೂರಿದ ರಾಜವಂಶಕ್ಕೆ ವಂಶವೃಕ್ಷ ಸಾಕಾಗಬಹುದು. ಅರಮನೆ ಇಲ್ಲದಾಗ ಮಗು ಯಾರ ಮಡಿಲಲ್ಲಿತ್ತು ಎಂಬುದು ರಕ್ತಸಂಬಂಧದಷ್ಟೇ ತೂಗುತ್ತದೆ. ಅಲೆದಾಟದಲ್ಲಿ ಅಕ್ಬರನನ್ನು ಸಾಕಿದ ಎರಡು ಮನೆತನಗಳ ಪೈಪೋಟಿ ಮುಂದೆ 1562ರಲ್ಲಿ ರಕ್ತಕ್ಕೆ ತಿರುಗಿತು: ಮಾಹಂ ಅನಗಾಳ ಮಗ ಆಧಂ ಖಾನ್, ಜೀಜಿಯ ಗಂಡ ಶಂಸುದ್ದೀನನನ್ನು ಕೊಂದ. ಅಕ್ಬರ್ ಆಧಂ ಖಾನನನ್ನು ಮಾಳಿಗೆಯಿಂದ ಕೆಳಕ್ಕೆ ಎಸೆಸಿದ. ವಂಶವೃಕ್ಷದಲ್ಲಿ ಈ ಮೂವರಿಗೂ ಜಾಗವೇ ಇಲ್ಲ.

ಕೊನೆಯ ತನಕ ಉಳಿದ ಪ್ರಶ್ನೆ, ಅಲೆದಾಟ ಮುಗಿದದ್ದು ಯಾವಾಗ ಎಂಬುದು. ಲೇಖಕ 1545ರ ಕಾಬೂಲ್ ಎಂದ. ಶಾಹ್ ಕೊಟ್ಟ ಹನ್ನೆರಡು ಸಾವಿರ ಕುದುರೆ ಸವಾರರ ನೆರವಿನಿಂದ ರಾಜ್ಯ, ಮಗ, ಖುತ್ಬಾ ಮೂರೂ ಸಿಕ್ಕಿದ್ದವು. ಸಂಪಾದಕಿ 1555 ಎಂದು ಹಿಡಿದುಕೊಂಡರು. ಕಾಬೂಲ್ ಮತ್ತೆ ಕಾಮ್ರಾನನ ಕೈಗೆ ಹೋಗಿ, 1547ರ ಮುತ್ತಿಗೆಯಲ್ಲಿ ಅವನು ಅಕ್ಬರನನ್ನು ಫಿರಂಗಿಗಳ ಎದುರು ಕೋಟೆಗೋಡೆಯ ಮೇಲೆ ಇರಿಸಿದ ಎನ್ನುತ್ತದೆ ಅಕ್ಬರ್‌ನಾಮಾ. 1551ರ ನವೆಂಬರಿನಲ್ಲಿ ಕಾಮ್ರಾನನ ರಾತ್ರಿ ದಾಳಿಯಲ್ಲಿ ಹಿಂದಾಲ್ ಸತ್ತ. ಅಸ್ಕರಿಯನ್ನು ಮೆಕ್ಕಾದ ದಾರಿಗೆ ಕಳಿಸಲಾಯಿತು. 1553ರಲ್ಲಿ ಕಾಮ್ರಾನನ ಕಣ್ಣಿಗೆ ಚುಚ್ಚಿಸಿ ಕುರುಡಾಗಿಸಿದರು. ಗುಲ್ಬದನಳ ಕಥನದ ಉಳಿದಿರುವ ಒಂದೇ ಹಸ್ತಪ್ರತಿ ಈ ಪ್ರಸಂಗ ಮುಗಿಯುತ್ತಲೇ ತುಂಡಾಗಿದೆ, ಹಾಗಾಗಿ ಕೊನೆಯ ಕಂಬಸಾಲಿಗೆ ಆಕೆಯ ಆಧಾರವಿಲ್ಲ. ಲಾಹೋರಿನಲ್ಲಿ ಕೂಡಿದ್ದ ನಾಲ್ವರು ಅಣ್ಣತಮ್ಮಂದಿರಲ್ಲಿ 1555ರಲ್ಲಿ ದಿಲ್ಲಿ ಸೇರಿದವನು ಹುಮಾಯೂನ್ ಒಬ್ಬನೇ. ಕುಟುಂಬವೇ ಹೊತ್ತಿಗೆಯ ವಿಷಯವಾದ ಮೇಲೆ ಈ ಸುಮಾರು ಹತ್ತು ವರ್ಷಗಳನ್ನು ಬಿಡುವುದು ಸರಿಯಲ್ಲ ಎಂದು ಸಂಪಾದಕಿಯ ಮಾತನ್ನೇ ಉಳಿಸಿಕೊಳ್ಳಲಾಯಿತು.